ಹತ್ತು ಮಿಲಿಮೀಟರಿನ ಆಮೆ

ಮಾರ್ಚ್ ಹನ್ನೆರಡು, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಉಬ್ಬಣ್ಣನ ಅತ್ತೆ, ಅಳಿಯನ ಮೇಲಿನ ಪ್ರೀತಿಯಿಂದ, ಅವನ ಕೆಲಸದ ಕೋಣೆಯನ್ನು ಗುಡಿಸಿದರು. ಡಬ್ಬಿಯಲ್ಲಿದ್ದ ಚರ್ಮದ ಪುಡಿಯೂ ಕಸದ ಜೊತೆ ಹೋಯಿತು.

ಚರ್ಮದ ಮೇಲೆ ಉಬ್ಬುಚಿತ್ರ ಮಾಡುವವನಾದ್ದರಿಂದ ಬೀದಿಯವರು ಅವನನ್ನು ಉಬ್ಬಣ್ಣ ಎನ್ನುತ್ತಿದ್ದರು. ಒದ್ದೆ ಚರ್ಮವನ್ನು ಹಿಂಬದಿಯಿಂದ ಒತ್ತಿ ಉಬ್ಬಿಸಬೇಕು. ಉಬ್ಬು ಕುಸಿಯದಂತೆ ಹಿಂಬದಿಯ ಗುಳಿಯೊಳಗೆ ಅಂಟು ಕಲಸಿದ ಚರ್ಮದ ಪುಡಿ ತುಂಬಿ, ಹಿಂದೆ ಇನ್ನೊಂದು ಚರ್ಮ ಅಂಟಿಸಬೇಕು. ಅಂದು ನಾಲ್ಕು ಗಂಟೆಗೆ ಕುಶಲಕರ್ಮಿಗಳ ಸಂಘದ ಪರೀಕ್ಷಕರು ಬರುವವರಿದ್ದರು. ಉಬ್ಬು ಸರಿಯಾಗಿ ಹತ್ತು ಮಿಲಿಮೀಟರ್ ಇದ್ದರೆ ಉಬ್ಬಣ್ಣ ಸ್ವಂತ ಅಂಗಡಿ ತೆರೆಯಬಹುದು. ಇಲ್ಲದಿದ್ದರೆ ಇನ್ನೊಂದು ವರ್ಷ ಹೆಂಡತಿಯ ಅಣ್ಣನ ಕೈಕೆಳಗೆ. ಭಾವ ಕೆಟ್ಟವರಲ್ಲ, ದಿನವಿಡೀ ಸಲಹೆ ಕೊಡುತ್ತಿದ್ದರು, ಅಷ್ಟೆ.

ಪರೀಕ್ಷೆಗೆಂದು ಅವನು ಮಾಡುತ್ತಿದ್ದ ಆಮೆಯ ಚಿಪ್ಪು ಚೆನ್ನಾಗಿ ಎದ್ದಿತ್ತು. ತುಂಬಲು ಏನೂ ಇರಲಿಲ್ಲ.

"ಅಯ್ಯೋ ಅಳಿಯಂದ್ರೇ, ಅದು ಧೂಳಲ್ವಾ?" ಎಂದರು ಅತ್ತೆ.

"ಧೂಳೇ ಅತ್ತೆ. ಆದ್ರೆ ಬೇಕಾಗಿದ್ದ ಧೂಳು."

ಪಕ್ಕದ ಬೇಕರಿಯವನು ಕಿಟಕಿಯಲ್ಲಿ ತಲೆ ತೂರಿಸಿದ. "ಇಷ್ಟಕ್ಕೆಲ್ಲಾ ಯಾಕೆ ತಲೆ ಕೆಡಿಸ್ಕೋತೀಯ? ಬ್ರೆಡ್ಡಿನ ಹಿಟ್ಟು ನಾದಿ ಇಟ್ಟಿದ್ದೀನಿ, ತಗೋ. ಮೆತ್ತಗೆ ಹೋಗಿ ಕೂತ್ಕೊಳ್ಳತ್ತೆ."

ಹಿಟ್ಟು ಮೆತ್ತಗೆ ಹೋಗಿ ಕೂತಿತು, ಹಿಂದಿನ ಚರ್ಮವೂ ಅಂಟಿತು. ಭಾವ ಬಂದು ಮುಟ್ಟಿ ನೋಡಿ, "ಇನ್ನೂ ಹಸಿ ಇದೆಯಲ್ಲಯ್ಯಾ, ಬಿಸಿಲಿಗಿಡು" ಎಂದರು. ಉಬ್ಬಣ್ಣ ಬಿಸಿಲಿಗಿಟ್ಟ. ಹಿಟ್ಟಿನಲ್ಲಿದ್ದ ಯೀಸ್ಟಿಗೂ ಬೇಕಾಗಿದ್ದು ಅದೇ.

ಊಟ ಮುಗಿಸಿ ಬಂದು ನೋಡಿದರೆ ಆಮೆ ತುಂಬು ಗರ್ಭಿಣಿಯ ಗಾಂಭೀರ್ಯದಲ್ಲಿ ಮಲಗಿತ್ತು.

"ಅವಳಿ ಇರ್ಬೇಕು" ಎಂದ ಬೇಕರಿಯವನು.

"ನಗಬೇಡ ಮಾರಾಯ, ಇಳಿಸೋದು ಹೇಗೆ ಹೇಳು!"

"ಚುಚ್ಚು. ಗಾಳಿ ಹೋಗತ್ತೆ."

ಹಿಂದಿನಿಂದ ಸೂಜಿ ಚುಚ್ಚಿದಾಗ ಆಮೆ ನಿಟ್ಟುಸಿರು ಬಿಟ್ಟಿತು. ಉಬ್ಬಣ್ಣ ಅದರ ಮೇಲೆ ಹಲಗೆ ಇಟ್ಟ. ಹಲಗೆಯ ಮೇಲೆ ಅತ್ತೆ ಪಶ್ಚಾತ್ತಾಪದಿಂದ ಕೂತರು. ಪರೀಕ್ಷಕರು ಬಾಗಿಲು ತಟ್ಟುವವರೆಗೆ ಏಳಲಿಲ್ಲ.

ಪರೀಕ್ಷಕರು ಮೇಜಿನ ಬಿಸಿ ದೀಪವನ್ನು ಆಮೆಯ ಹತ್ತಿರ ಎಳೆದುಕೊಂಡು ಅಳೆದರು. ಸರಿಯಾಗಿ ಹತ್ತು. ಬರೆದು ಸಹಿ ಹಾಕಿದರು. ಉಬ್ಬಣ್ಣನ ಕಣ್ಣೆದುರು ಸ್ವಂತ ಅಂಗಡಿಯ ಬೋರ್ಡು ಬಂದು ನಿಂತಿತು.

"ಇನ್ನೊಂದ್ಸಲ ನೋಡ್ಬಿಡಿ ಸಾರ್" ಎಂದರು ಭಾವ. "ಆಮೇಲೆ ಯಾರೂ ಮಾತಾಡ್ಬಾರ್ದು."

ಹದಿಮೂರು. ಪರೀಕ್ಷಕರು ಕನ್ನಡಕ ಒರೆಸಿಕೊಂಡು ಮತ್ತೆ ಅಳೆದರು. ಹದಿನಾರು.

ಉಬ್ಬಣ್ಣ ದೀಪವನ್ನು ದೂರ ಸರಿಸಿದ. "ಸಾರ್, ಅದು... ಒಳಗಡೆ..."

"ನಾನು ಸಹಿ ಹಾಕಿದ ಮೇಲೆ ಆಮೆ ಬೆಳೆಯೋದಿಲ್ಲ ಕಣ್ರೀ. ಆಮೆ ಹತ್ತೇ. ಕೆಟ್ಟಿರೋದು ಈ ಅಳೆಯೋ ಉಪಕರಣ."

"ಹಾಗಾದ್ರೆ ನಾನು ಪಾಸಾ ಸಾರ್?"

"ಕೆಟ್ಟ ಉಪಕರಣದಲ್ಲಿ ಅಳೆದು ಪಾಸು ಮಾಡೋಕಾಗತ್ತಾ? ಮುಂದಿನ ವರ್ಷ ಹೊಸದು ತರ್ತೀನಿ, ನೋಡೋಣ." ಅವರು ಆಮೆಯನ್ನು ಎತ್ತಿಕೊಂಡರು. "ಇದು ಮಾತ್ರ ಕೇಂದ್ರ ಕಚೇರಿಗೆ ಬೇಕು. ಇನ್ಮೇಲೆ ಎಲ್ಲಾ ಉಪಕರಣಗಳನ್ನೂ ಇದಕ್ಕೇ ಹೊಂದಿಸ್ತೀವಿ. ಹತ್ತು ಮಿಲಿಮೀಟರ್ ಅಂದ್ರೆ ಇದು."

"ನಾಳೆಯಿಂದ ಬೇಗ ಬಾರಯ್ಯಾ" ಎಂದರು ಭಾವ.

ಪರೀಕ್ಷಕರು ಆಮೆಯನ್ನು ಉಣ್ಣೆಯ ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಹೊರಟರು. ಕಚೇರಿಯ ಗಾಜಿನ ಕಪಾಟಿಗೆ ಸೇರುವ ಹೊತ್ತಿಗೆ ಅದರ ಎತ್ತರ ಮೂವತ್ತೊಂದು ಮಿಲಿಮೀಟರ್ ಇತ್ತು.