ಗೆದ್ದವರು ಅಂಗಾತ ಬೀಳುವ ಕುರಿತು

ಮಣ್ಣಿನಂಕಣ ಉಪವಿಭಾಗ
ನೌಕರರ ಕ್ರೀಡಾ ಮಂಡಳ, ಕೊಂಢವಾ, ಪುಣೆ

ಸಂಖ್ಯೆ: ಮಂಉವಿ/ಟೆನಿಸ್/ಗರಡಿ/ಬೆನ್ನು/೨೦೨೫
ದಿನಾಂಕ: ೧೨ ಜೂನ್ ೨೦೨೫

ವಿಷಯ: ಕೆಂಪು ಮಣ್ಣಿನ ಟೆನಿಸ್ ಅಂಕಣದಲ್ಲಿ ಗೆದ್ದವರು ಸಂತೋಷದಿಂದ ಅಂಗಾತ ಬೀಳುತ್ತಿರುವ ಬಗ್ಗೆ.

ಉಲ್ಲೇಖ:
(ಅ) ಫ್ರೆಂಚ್ ಓಪನ್ ಪಂದ್ಯಾವಳಿಯ ಟಿವಿ ಪ್ರಸಾರ.
(ಆ) ತಳೇಗಾಂವ ದಾಭಾಡೆಯ ಕು. ಅನುಜಾ ಇವರು ಕಪ್ ಕೋರಿ ಸಲ್ಲಿಸಿದ ಅರ್ಜಿ.
(ಇ) ಸದರಿಯವರ ಶರ್ಟಿನ ಬೆನ್ನು.

ಪ್ಯಾರಿಸ್ಸಿನ ಮಾದರಿಯಲ್ಲಿ ಮಂಡಳವು ಕೆಂಪು ಮಣ್ಣಿನ ಅಂಕಣವನ್ನು ನಿರ್ಮಿಸಿದ್ದು ಸರಿಯಷ್ಟೆ. ಕಡತದಲ್ಲಿ ಟೆನಿಸ್ ಎಂಬ ಬಾಬತ್ತು ಇಲ್ಲದ ಕಾರಣ, ಮಣ್ಣನ್ನು ಗರಡಿ ಬಾಬತ್ತಿನಲ್ಲಿ ತರಿಸಲಾಗಿರುತ್ತದೆ. ಮಣ್ಣು ಗರಡಿಯದು, ಆದ್ದರಿಂದ ನಿಯಮಗಳೂ ಗರಡಿಯವೇ.

ಹೀಗಿದ್ದೂ ಕಳೆದ ಭಾನುವಾರದ ಅಂತಿಮ ಪಂದ್ಯದಲ್ಲಿ ಕು. ಅನುಜಾ ಇವರು ಸ್ವಾರಗೇಟದ ಕು. ಹರ್ಷದಾ ಇವರನ್ನು ಸೋಲಿಸಿದ ಕೂಡಲೇ, ಟಿವಿಯಲ್ಲಿ ಕಂಡ ಚಾಂಪಿಯನ್ನರಂತೆ ರ‍್ಯಾಕೆಟ್ ಎಸೆದು ಅಂಗಾತ ಬಿದ್ದಿರುತ್ತಾರೆ. ನಿವೃತ್ತ ಪೈಲ್ವಾನರೂ ಅಂದಿನ ಅಂಪೈರರೂ ಆದ ಶ್ರೀ ಶಿವರುದ್ರಪ್ಪ ಇವರು ಆಕೆಯನ್ನು ಚಿತ್ ಎಂದು ಸಾರಿ, ಎದುರಾಳಿಯ ಕೈಯೆತ್ತಿ ಗೆಲುವು ಘೋಷಿಸಿರುತ್ತಾರೆ. ಅವರ ಹೇಳಿಕೆ: “ಬೆನ್ನಿಗೆ ಮಣ್ಣ ಹತ್ತಿತಂದ್ರ ಆಟ ಮುಗೀತ ನೋಡ್ರಿ. ನಕ್ಕೋತ ಬಿದ್ರೇನು, ಅಳ್ಕೋತ ಬಿದ್ರೇನು?”

ಆದ್ದರಿಂದ ಎಲ್ಲ ಆಟಗಾರರ ಗಮನಕ್ಕೆ ತರುವುದೇನೆಂದರೆ:

೧. ಅಂಕಣಕ್ಕಿಳಿಯುವ ಮುನ್ನ ಬೂಟು ಕಳಚಿ, ಮಣ್ಣನ್ನು ಹಣೆಗೆ ಹಚ್ಚಿಕೊಳ್ಳತಕ್ಕದ್ದು.

೨. ಸರ್ವ್ ಮಾಡುವವರು ಮೊದಲು ತೊಡೆ ತಟ್ಟತಕ್ಕದ್ದು. ತೊಡೆ ತಟ್ಟದೆ ಹೊಡೆದ ಚೆಂಡನ್ನು ಹಿಂತಿರುಗಿಸುವ ಹೊಣೆ ಎದುರಾಳಿಯದಲ್ಲ.

೩. ಮಣ್ಣಿಗೆ ಗರಡಿಯ ವಾಡಿಕೆಯಂತೆ ಮಜ್ಜಿಗೆ, ಅರಿಶಿನ ಬೆರೆಸುವುದನ್ನು ಮುಂದುವರಿಸಲಾಗುವುದು. ಜಾರಲಿಚ್ಛಿಸುವವರು ಜಾರುವ ದಿಕ್ಕನ್ನು ನಮೂದಿಸಿ ಮುಂಚಿತವಾಗಿ ಅನುಮತಿ ಪಡೆಯುವುದು. ಅನುಮತಿಯಿಲ್ಲದೆ ಜಾರಿದವರು ಜಾರಿದಲ್ಲಿಂದ ಹಿಂದಕ್ಕೆ ಬರತಕ್ಕದ್ದು.

೪. ಗೆದ್ದವರು ಬೋರಲಾಗಿ ಬೀಳಬಹುದು. ಅಂಗಾತ ಬಿದ್ದರೆ ಸೋಲು. ಗೆದ್ದವರು ಮಲಗುವುದು, ಸೋತವರು ನಿಂತು ನೋಡುವುದು: ಇದ್ಯಾವ ಸೀಮೆಯ ನ್ಯಾಯ?

೫. ಪ್ಯಾರಿಸ್ಸಿನಲ್ಲಿ ಹೀಗೆ ಬಿದ್ದ ಚಾಂಪಿಯನ್ನರ ಕಪ್ಪುಗಳನ್ನು ಹಿಂಪಡೆದು, ನಿಂತಿದ್ದವರಿಗೆ ಕೊಡಿಸುವಂತೆ ಅಲ್ಲಿಗೆ ಕನ್ನಡದಲ್ಲಿ ಪತ್ರ ಬರೆಯಲಾಗಿದೆ. ಉತ್ತರ ಬಾರದಿರುವುದನ್ನು ಒಪ್ಪಿಗೆಯೆಂದು ಭಾವಿಸಲಾಗಿದೆ.

೬. ಕು. ಅನುಜಾ ಇವರ ಅಹವಾಲು: “ಸೋತು ಬಿದ್ದಿಲ್ರೀ ಸಾಹೇಬ್ರ, ಗೆದ್ದು ಬಿದ್ದೀನ್ರಿ! ಸಣ್ಣಾಕಿ ಇದ್ದಾಗಿಂದ ಹಿಂಗ ಒಂದ್ಸಲ ಬೀಳಬೇಕಂತ ಭಾಳ ಆಸೆ ಇತ್ರಿ.” ಆಸೆಯು ಈಡೇರಿರುವುದರಿಂದ ಕಪ್ಪಿನ ಅಗತ್ಯ ಕಂಡುಬರುವುದಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಅರ್ಜಿಯಲ್ಲಿ ಉಲ್ಲೇಖಿಸಲಾಗಿದ್ದು, ಅರ್ಜಿದಾರರಿಗೆ ಮೀಸೆ ಇಲ್ಲದ ಕಾರಣ ಸದರಿ ಗಾದೆಯ ಸೌಲಭ್ಯವನ್ನು ನಿರಾಕರಿಸಲಾಗಿದೆ. ಇವರ ತಾಯಿ ಶ್ರೀಮತಿ ಇಂದೂ ಇವರು ಕಪ್ಪಿಗೆಂದು ಟಿವಿ ಪಕ್ಕ ಖಾಲಿ ಮಾಡಿಟ್ಟ ಜಾಗದಲ್ಲಿ ಹೂದಾನಿ ಇಟ್ಟುಕೊಳ್ಳಬಹುದು.

೭. ಕೈಯೆತ್ತಿಸಿಕೊಂಡ ಹರ್ಷದಾ ಅವರೂ ಖುಷಿ ತಡೆಯದೆ ಅಂಗಾತ ಬಿದ್ದುದರಿಂದ ಅವರೂ ಸೋತಿರುತ್ತಾರೆ. ಅವರನ್ನು ಎಬ್ಬಿಸಲು ಹೋಗಿ ಮಜ್ಜಿಗೆಯಲ್ಲಿ ಜಾರಿದ ಶಿವರುದ್ರಪ್ಪನವರೂ ಸೋತಿರುತ್ತಾರೆ.

೮. ಆ ದಿನ ಅಂಕಣದ ಬಳಿ ಬೆನ್ನಿಗೆ ಮಣ್ಣು ತಾಗದ ಏಕೈಕ ವ್ಯಕ್ತಿ, ಆರಂಭದಿಂದ ಕೊನೆಯವರೆಗೆ ಕುರ್ಚಿ ಬಿಟ್ಟೇಳದ ಅಧ್ಯಕ್ಷರು. ಕಪ್ಪನ್ನು ನಿಯಮಾನುಸಾರ ಅವರ ಮನೆಗೆ ತಲುಪಿಸಲಾಗಿದೆ.

೯. ಇದನ್ನು ಕೇಳಿ ಅನುಜಾ ಅವರು, “ಹಂಗಾದ್ರ ಹೊಸಾ ಚಾಂಪಿಯನ್ನರ ಜೋಡೀನ ಆಡ್ತೀನ್ರಿ. ಬರೋ ಭಾನುವಾರ ಕಪ್ ತಗೊಂಡು ಬರ್ರಿ” ಎಂದು ಎಲ್ಲರೆದುರು ತೊಡೆ ತಟ್ಟಿರುತ್ತಾರೆ. ನಿಯಮ ೨ನ್ನು ಪಾಲಿಸಿರುವುದರಿಂದ ಈ ಸವಾಲನ್ನು ತಿರಸ್ಕರಿಸಲು ಅವಕಾಶವಿರುವುದಿಲ್ಲ.

(ಸಹಿ)
ಋಷಿಕೇಶ ಇನಾಮದಾರ
ಅಧ್ಯಕ್ಷರು ಹಾಗೂ ಹಾಲಿ ಚಾಂಪಿಯನ್

ಪ್ರತಿಗಳು:
ಕು. ಅನುಜಾ: ಶರ್ಟನ್ನು ಸಾಕ್ಷ್ಯವಾಗಿ ಒಗೆಯದೆ ಇಡಲು.
ಶ್ರೀ ಶಿವರುದ್ರಪ್ಪ: ಇನ್ನು ಮುಂದೆ ಮಜ್ಜಿಗೆ ಕಡಿಮೆ ಮಾಡಲು.
ಕುರ್ಚಿ ಬಾಡಿಗೆ ಅಂಗಡಿ: ವಿಜೇತ ಕುರ್ಚಿಯನ್ನು ಬೇರೆ ಯಾರಿಗೂ ಕೊಡದಿರಲು.
ವೈದ್ಯಾಧಿಕಾರಿಗಳು: ಬರುವ ಭಾನುವಾರ ಅಧ್ಯಕ್ಷರಿಗೆ ತೀವ್ರ ಬೆನ್ನುನೋವು ಬರಲಿರುವುದರಿಂದ, ಪ್ರಮಾಣಪತ್ರವನ್ನು ಶನಿವಾರದೊಳಗೆ ಕಳುಹಿಸಲು.