ಕೌದಿಯ ಮೇಲೆ ನಾನು ಹೊಲಿದ ಇಂಗ್ಲಿಷ್

ಸಂತೋಷ ಹೆಚ್ಚಾದಾಗ ಮನುಷ್ಯರು ಬಾಯಿ ಮುಚ್ಚಿಕೊಂಡಿರಬೇಕು. ಅದು ಆಗದಿದ್ದರೆ ಕೈಯನ್ನಾದರೂ ಕಟ್ಟಿಕೊಂಡು ಕೂಡಬೇಕು. ನನ್ನಿಂದ ಎರಡೂ ಆಗಲಿಲ್ಲ. ಮಗನ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಮನೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಮುಂಬೈಯ ಮಲಾಡಿನ ನಮ್ಮ ಬಿಲ್ಡಿಂಗಿನಲ್ಲಿ ಮುಖ ನೋಡಿಯೂ ಗೊತ್ತಿಲ್ಲದವರ ಬಾಗಿಲು ತಟ್ಟಿ ಪೇಢೆ ಕೊಟ್ಟು ಬಂದೆ. ಲಿಫ್ಟಿನಲ್ಲಿ ಸಿಕ್ಕ ಕೊರಿಯರಿನವನಿಗೆ ಕೂಸಿನ ಮೂಗಿನ ವರ್ಣನೆ ಮಾಡುತ್ತ ನಿಂತೆ. ಅವನು ಪಾಪ, ಇಳಿಯಬೇಕಾದ ಮಜಲು ಬಿಟ್ಟು ಮೇಲೆ ಹೋದ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ನಮ್ಮ ಧಾರವಾಡದ ಕಡೆ ಕೂಸಿಗೆ ಕೌದಿ ಹೊಲಿಯುವುದು ಅಜ್ಜಿಯ ಹಕ್ಕು. ಉಟ್ಟು ಉಟ್ಟು ಮೆತ್ತಗಾದ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೈಯಲ್ಲೇ ಹೊಲಿಯುವ ಹಾಸಿಗೆ ಅದು. ಎಲ್ಲರೂ ಅದರ ಮೇಲೆ ಗಿಣಿ, ಹೂವು ಹೊಲಿಯುತ್ತಾರೆ. ನನಗೆ ಇಂಗ್ಲಿಷ್ ಹೊಲಿಯುವ ಹುಮ್ಮಸ್ಸು ಬಂತು. ನಾನು ಓದಿದ್ದು ಕನ್ನಡ ಶಾಲೆಯ ಮೂರನೆಯ ಇಯತ್ತೆಯವರೆಗೆ. ಇಂಗ್ಲಿಷ್ ಅಕ್ಷರ ಕಲಿತದ್ದು ಲೋಕಲ್ ರೈಲಿನ ಕಿಟಕಿಯಲ್ಲಿ. ಸ್ಟೇಷನ್ನಿನ ಬೋರ್ಡಿನ ಮೇಲೆ ಮರಾಠಿ ಇರುತ್ತದಲ್ಲ, ಅದನ್ನು ಓದಿ, ಪಕ್ಕದ ಇಂಗ್ಲಿಷೂ ಇದೇ ಇರಬೇಕೆಂದು ಹೊಂದಿಸಿಕೊಳ್ಳುವುದು. ಹೀಗಾಗಿ ನನ್ನ ಇಂಗ್ಲಿಷ್ ದಾದರಿನಿಂದ ಬೋರಿವಲಿಯವರೆಗೆ ಗಟ್ಟಿ, ಅದರಾಚೆ ಸ್ವಲ್ಪ ಕಚ್ಚಾ. ಸ್ಟೇಷನ್ನುಗಳ ಹೆಸರು ಬಿಟ್ಟರೆ ನಾನು ತಡವರಿಸದೆ ಓದುವ ಮಾತು ಒಂದೇ. ನಮ್ಮ ಬಿಲ್ಡಿಂಗಿನ ಕೆಳಗಿನ ಅಂಗಡಿಯ ಮೇಲೆ ದಪ್ಪಗೆ ಬರೆದದ್ದು: ಗಿಫ್ಟ್. ದೇವರು ಕೊಟ್ಟ ಕೂಸಿಗೆ ಇದಕ್ಕಿಂತ ಒಳ್ಳೆಯ ಮಾತು ಯಾವುದು? ಕೌದಿಯ ನಡುವೆ ಕೆಂಪು ದಾರದಲ್ಲಿ ಅದನ್ನೇ ಹೊಲಿದೆ.

ತೊಟ್ಟಿಲ ಕಾರ್ಯವನ್ನು ಸೊಸೈಟಿಯ ಹಾಲ್‌ನಲ್ಲಿ ಇಟ್ಟುಕೊಂಡಿದ್ದೆವು. ಸೊಸೆ ಋತುಜಾ ದಾದರಿನ ಮರಾಠಿ ಹುಡುಗಿ. ನನ್ನಿಂದಲೇ ಕನ್ನಡ ಕಲಿತವಳು, ಹಾಗಾಗಿ ಅದರಲ್ಲಿ ಏನಾದರೂ ತಪ್ಪಿದ್ದರೆ ನನ್ನದೇ. ಅವಳ ಆಫೀಸಿನ ದೊಡ್ಡ ಮೇಡಂ ಜರ್ಮನಿಯವರು. ಅವರೂ ಬಂದು ತೊಟ್ಟಿಲ ಪಕ್ಕದಲ್ಲೇ ಕೂತರು. ಹೆಂಗಸರು ಕೂಸನ್ನು ತೊಟ್ಟಿಲ ಮೇಲೆ ಕೆಳಗೆ ದಾಟಿಸುತ್ತ, ಗೋವಿಂದನ್ನ ತಗೋರಿ, ಗೋಪಾಳನ್ನ ಕೊಡ್ರಿ ಎಂದು ಕೈ ಬದಲಿಸಿ, ಕಡೆಗೆ ನನ್ನ ಕೌದಿಯ ಮೇಲೆ ಮಲಗಿಸಿದರು. ಹೆಸರಿಡುವುದು ಸೋದರತ್ತೆಯ ಕೆಲಸ. ನನ್ನ ಮಗಳು ಶೈಲಾ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎನ್ನತೊಡಗಿದಳು. ಆಗ ಉಳಿದವರೆಲ್ಲ ಅವಳ ಬೆನ್ನಿಗೆ ಗುದ್ದಬೇಕು, ಅದು ಪದ್ಧತಿ. ಗುದ್ದು ಶುರುವಾಯಿತು.

ಅಷ್ಟರಲ್ಲಿ ಮೇಡಂ ತೊಟ್ಟಿಲೊಳಗೆ ಇಣುಕಿದರು. ಅವರ ಮುಖ ಬಿಳಿಚಿತು, ಮೊದಲೇ ಬಿಳಿ ಮುಖ. ಋತುಜಾಳ ಕಿವಿಯಲ್ಲಿ ಏನೋ ಅಂದರು. ಅವಳು ತುಟಿ ಕಚ್ಚಿಕೊಂಡಳು. ನಾನು ಬಿಡುವವಳೇ? ಏನಂದರೆಂದು ಮತ್ತೆ ಮತ್ತೆ ಕೇಳಿದೆ.

"ಆಯಿ, ಸಿಟ್ಟ ಆಗಬ್ಯಾಡ್ರಿ. ಅವರ ಭಾಷಾದಾಗ ಗಿಫ್ಟ್ ಮ್ಹಣಜೆ, ಅಂದ್ರ, ವಿಷ."

ಹೊಸ ಕೂಸನ್ನು, ಅದೂ ಹೆಸರಿಡುವ ಹೊತ್ತಿನಲ್ಲಿ, ವಿಷದ ಮೇಲೆ ಮಲಗಿಸಿದ್ದೆ. ಅದನ್ನು ನಾನೇ, ಕನ್ನಡಕ ಹಾಕಿಕೊಂಡು, ಕೂತು ಹೊಲಿದಿದ್ದೆ. ಕೂಸನ್ನು ಎತ್ತಿ ಎದೆಗವಚಿಕೊಂಡೆ, ಕೌದಿಯನ್ನು ಎಳೆದು ಹಾಕಿದೆ. ಯಾರೋ ಅಂಗಡಿಯಲ್ಲಿ ಕೊಂಡ ಗಾದಿ ಹಾಸಿದರು. ಅದರ ಮೇಲೆ ಬೆನ್ನು ತಾಗಿದ್ದೇ ಕೂಸು ಮುಗಿಲು ಹರಿಯುವಂತೆ ಅತ್ತಿತು, ಮತ್ತೆ ಎತ್ತಿಕೊಂಡೆ. ಹಾಸಿಗೆ ಇದ್ದರೆ ಕೂಸಿಲ್ಲ, ಕೂಸಿದ್ದರೆ ಹಾಸಿಗೆಯಿಲ್ಲ. ಬಗ್ಗಿದ ಶೈಲಾ ಬಗ್ಗಿಯೇ ಇದ್ದಳು. ಗುದ್ದುವವರಿಗೆ ಯಾರೂ ನಿಲ್ಲಿಸಿ ಎಂದು ಹೇಳಿರಲಿಲ್ಲ.

"ಅವ್ವಾ, ಲಗೂ ಏನರ ಒಂದು ಮಾಡ, ನನ್ನ ಬೆನ್ನ ಹೋತು," ಎಂದಳು.

ನನಗೆ ಸಮಾಧಾನವಾಗಲೆಂದು ಋತುಜಾ ಫೋನು ತೆಗೆದಳು. ಎಲ್ಲ ಕಡೆಯೂ ವಿಷವಲ್ಲ, ಸ್ವೀಡನ್ನಿನಲ್ಲಿ ಅದೇ ಮಾತಿಗೆ ಲಗ್ನವಾದವರು ಎಂದರ್ಥ ಎಂದಳು. ಇದೇ ಸಮಾಧಾನ! ಹೆಸರಿಗೆ ಮುಂಚೆ ಕೂಸಿಗೆ ಲಗ್ನವಾಯಿತು. ಮುಂದೆ ಓದಿದಳು: ಅಲ್ಲಿ ವಿಷಕ್ಕೂ ಇದೇ ಮಾತಂತೆ. ಲಗ್ನಕ್ಕೂ ವಿಷಕ್ಕೂ ಒಂದೇ ಮಾತಿಟ್ಟವರು ಸಂಸಾರಸ್ಥರೇ ಇರಬೇಕು. ನನ್ನ ಮುಖ ನೋಡಿ ಮೇಡಮ್ಮಿಗೂ ಕೆಟ್ಟೆನಿಸಿತೇನೋ, ತಮ್ಮಲ್ಲೂ ಹಿಂದೆ ಅದಕ್ಕೆ ಕೊಡುಗೆ ಎಂದೇ ಅರ್ಥವಿತ್ತು, ಈಗಲೂ ಮಿಟ್‌ಗಿಫ್ಟ್ ಎಂಬ ಮಾತಿನಲ್ಲಿ ಆ ಅರ್ಥ ಉಳಿದಿದೆ ಎಂದು ಹೇಳಿಸಿದರು. ಹಾಗೆಂದರೇನು ಎಂದೆ. ಋತುಜಾ ಹೇಳಲೋ ಬೇಡವೋ ಎಂದು ನಿಂತು, ವರದಕ್ಷಿಣೆ ಎಂದಳು.

ನಾನು ಕುರ್ಚಿಯ ಮೇಲೆ ಕುಸಿದೆ. ನಾಲ್ಕೇ ಅಕ್ಷರಗಳಲ್ಲಿ ಇಷ್ಟು ಅನಾಹುತ ಹಿಡಿಸುತ್ತದೆಂದು ಯಾರಿಗೆ ಗೊತ್ತು?

"ಮೂಲ ಒಂದ ಐತಿ, ಆಯಿ," ಎಂದಳು ಋತುಜಾ. "ಕೊಡೂದು. ಎಲ್ಲಾ ಅದರಿಂದನ ಬಂದಾವ."

ಕೈಯಾರೆ ಕೊಟ್ಟರೆ ಉಡುಗೊರೆ. ವೈದ್ಯ ಅಳೆದು ಕೊಟ್ಟರೆ ಔಷಧ, ಅದನ್ನೇ ಕೇಡಿಗೆ ಕೊಟ್ಟರೆ ವಿಷ. ಮಗಳನ್ನು ಕೊಟ್ಟರೆ ಲಗ್ನ. ಅವಳು ಹೇಳುತ್ತ ಹೋದಂತೆ ಇದರಲ್ಲಿ ಯುರೋಪಿನದು ಏನೂ ಇಲ್ಲವೆನಿಸಿತು. ನಾವೂ ಕಾಯಿಲೆಗೆ ಕುಡಿಸುವುದಕ್ಕೆ ಮದ್ದು ಎನ್ನುತ್ತೇವೆ, ಆಗದವರು ಊಟದಲ್ಲಿ ಕದ್ದು ಬೆರೆಸಿದರೆ ಅದಕ್ಕೂ ಮದ್ದು ಹಾಕಿದರು ಎನ್ನುತ್ತೇವೆ. ಹೆಣ್ಣಿನ ಮಾತು ಬಂದರಂತೂ ಮೊದಲ ಪ್ರಶ್ನೆಯೇ, ಯಾವೂರಿಗೆ ಕೊಟ್ಟಾರ? ನನ್ನನ್ನು ಮುಂಬೈಗೆ ಕೊಟ್ಟರು. ಒಳ್ಳೆಯ ಮನೆಗೇ ಕೊಟ್ಟರು, ಸುಳ್ಳೇಕೆ ಹೇಳಲಿ. ಆದರೆ ಮಿಕ್ಕ ಪಲ್ಯವನ್ನು ಪಕ್ಕದ ಮನೆಗೆ ಕೊಡುವಾಗ ಪಲ್ಯವನ್ನು ಹೇಗೆ ಕೇಳುವುದಿಲ್ಲವೋ, ಹಾಗೆ ನನ್ನನ್ನೂ ಕೇಳಲಿಲ್ಲ. ಎದೆಯ ಮೇಲಿನ ಕೂಸು ನನ್ನ ಸೆರಗು ಹಿಡಿದುಕೊಂಡಿತ್ತು. ನನಗೆ ಒಮ್ಮೆಲೆ ಏನಾಯಿತೋ, ಇಡೀ ಹಾಲ್‌ಗೆ ಕೇಳುವಂತೆ ಹೇಳಿದೆ:

"ಇಕಿನ್ನ ಯಾರಿಗೂ ಕೊಡಾಂಗಿಲ್ಲ. ಹೋಗೂದಿದ್ರ ತಾನಾ ಹೋಗ್ಲಿ, ಇರೂದಿದ್ರ ಇರ್ಲಿ."

ಕಡೆಗೂ ಗುದ್ದು ನಿಂತಿತು. ಋತುಜಾಳ ಕಣ್ಣು ತುಂಬಿತ್ತು. ಅವಳೇ ನೆಲದ ಮೇಲಿನ ಕೌದಿಯನ್ನು ಎತ್ತಿ, ಝಾಡಿಸಿ, ಮಗುಚಿ ಹಾಸಿದಳು. ಕೌದಿಯ ಹೊಲಿಗೆ ಎಲ್ಲ ಪದರ ತೂರಿ ಹೋಗುತ್ತದಲ್ಲ, ಕೆಂಪು ಅಕ್ಷರ ಹಿಂದೆಯೂ ಕಂಡವು, ಆದರೆ ತಿರುಗುಮುರುಗು. ಟಿ ಮತ್ತು ಐ ಇದ್ದ ಹಾಗೇ ಇದ್ದವು. ಜಿ ಮತ್ತು ಎಫ್ ಮಾತ್ರ ಮುನಿದ ಬೀಗರಂತೆ ಮುಖ ತಿರುವಿಕೊಂಡಿದ್ದವು. ಮೇಡಂ ಬಗ್ಗಿ ನೋಡಿ, ಇದು ಯಾವ ಭಾಷೆಯಲ್ಲೂ ಏನೂ ಅಲ್ಲ ಎಂದರು. ಅದರ ಮೇಲೆ ಮಲಗಿದ್ದೇ ಕೂಸು ಗಪ್ಪಾಯಿತು. ಶೈಲಾ ಕುರ್ರ್ ಎಂದು ಗೌರಿ ಎಂಬ ಹೆಸರು ಹೇಳಿ, ಎರಡೂ ಕೈ ಸೊಂಟಕ್ಕಿಟ್ಟು ನಿಧಾನಕ್ಕೆ ನೆಟ್ಟಗಾದಳು.

ಊಟಕ್ಕೆ ಕೂತಾಗ ನಾನು ಎದೆಯುಬ್ಬಿಸಿಕೊಂಡೇ ಇದ್ದೆ. ಅಷ್ಟು ದೊಡ್ಡ ಮಾತು ಆಡಿದ್ದೆನಲ್ಲ. ಪಕ್ಕದಲ್ಲಿ ಕೂತ ವಿಜಯಪುರದ ಗಂಗಕ್ಕ, ನನ್ನ ಹಳೆಯ ಗೆಳತಿ, ಹೋಳಿಗೆ ಮುರಿಯುತ್ತ ಮೆಲ್ಲಗೆ ಅಂದಳು:

"ಕೊಡಾಂಗಿಲ್ಲ ಅಂದಿ, ಛಲೋ ಮಾತವಾ. ನಾ ಏನ್ ಕೇಳಾಕ ಹತ್ತಿಲ್ಲ. ನಮ್ಮ ಮಗಳ ಮಗ ಈಗಷ್ಟ ಹೆಜ್ಜಿ ಇಡಾಕ ಹತ್ಯಾನ, ಭಾಳ ಶಾಂತ ಹುಡುಗ. ಸಾಂತಾಕ್ರೂಜ್‌ದಾಗ ಸ್ವಂತ ಫ್ಲ್ಯಾಟ್ ಐತಿ. ಸುಮ್ನ ಹೇಳಿದೆ."

ಖಡಕ್ಕಾಗಿ ಉತ್ತರ ಕೊಡಬೇಕೆಂದು ಬಾಯಿ ತೆರೆದೆ.

"ಫ್ಲ್ಯಾಟ್ ಈಸ್ಟೋ, ವೆಸ್ಟೋ?" ಎಂದು ಕೇಳಿಬಿಟ್ಟಿದ್ದೆ.