ನಂಬರ್ ಮೂವತ್ತೊಂದರ ಊಟ

ತಕ್ಕಡಿಗೆ ಅಂದು ಒಪ್ಪಿಸಿದ್ದ ಕೆಲಸ ಮೇಲುನೋಟಕ್ಕೆ ಬಲು ಹಗುರವಾಗಿತ್ತು. ಒಂದು ಮನೆಗೆ ಹೋಗಬೇಕು, ಅಡುಗೆಮನೆಯ ಮೂಲೆಯಲ್ಲಿ ಕೂರಬೇಕು, ಎಂಟು ವರ್ಷದ ಹುಡುಗಿಯೊಬ್ಬಳು ಬೆಳಗಿನಿಂದ ಸಂಜೆಯವರೆಗೆ ತಿಂದದ್ದನ್ನೆಲ್ಲ ತೂಗಿ ಪುಸ್ತಕದಲ್ಲಿ ಬರೆಯಬೇಕು. ಬಾಯಿ ಹಾಕಬಾರದು, ತಡೆಯಬಾರದು, ಆ ಮನೆಯಲ್ಲಿ ನೀರಿನ ಹೊರತು ಏನನ್ನೂ ಮುಟ್ಟಬಾರದು.

ಆಸ್ಪತ್ರೆಯ ಮಕ್ಕಳ ಹಾರ್ಮೋನು ಮತ್ತು ಚಯಾಪಚಯ ಸಂಶೋಧನಾ ವಿಭಾಗದಲ್ಲಿ ಅವನು ಸಹಾಯಕ. ಸದಾ ಕಂಕುಳಲ್ಲಿ ತೂಕದ ಯಂತ್ರ ಇಟ್ಟುಕೊಂಡೇ ಓಡಾಡುವುದರಿಂದ ತಕ್ಕಡಿ ಎಂಬ ಹೆಸರು ಬಿದ್ದಿತ್ತು. ಹನ್ನೆರಡು ವರ್ಷದಲ್ಲಿ ವಿಭಾಗದಿಂದ ಹತ್ತಾರು ಲೇಖನಗಳು ಅಚ್ಚಾದವು. ಒಂದರಲ್ಲೂ ಅವನ ಹೆಸರಿರಲಿಲ್ಲ. ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, 'ನೆರವಾದ ಇತರರಿಗೂ ವಂದನೆ' ಎಂದಿರುತ್ತಿತ್ತು. ಆ 'ಇತರರು' ತಾನೇ ಎಂದು ಹೆಂಡತಿಯನ್ನು ನಂಬಿಸಲು ಅವನಿಗೆ ಇಂದಿಗೂ ಆಗಿರಲಿಲ್ಲ.

ವಿಭಾಗದ ಮುಖ್ಯಸ್ಥೆ ಡಾಕ್ಟರಮ್ಮ ಈಗ ಗಮನಿಸುತ್ತಿದ್ದದ್ದು ಮೂವತ್ತೊಂದು ಮಕ್ಕಳನ್ನು. ಹಾಲು, ಮೊಟ್ಟೆ, ಕಾಳುಗಳಲ್ಲಿರುವ ಪ್ರೋಟೀನನ್ನು ಪೂರ್ತಿ ಅರಗಿಸಿಕೊಳ್ಳಲಾಗದ ಕೊರತೆ ಈ ಮಕ್ಕಳಿಗೆ ಹುಟ್ಟಿನಿಂದಲೇ ಇತ್ತು. ತಿನ್ನುವುದು ಅಳತೆ ಮೀರಿದರೆ ಅದರ ಒಂದು ಅಂಶ ರಕ್ತದಲ್ಲಿ ಕೂಡುತ್ತಾ ಹೋಗಿ ನಿಧಾನವಾಗಿ ಬುದ್ಧಿಯನ್ನೇ ಮಂಕಾಗಿಸುತ್ತದೆ. ಮೂವತ್ತು ಮಕ್ಕಳ ರಕ್ತದ ವರದಿ ಒಂದು ತಿಂಗಳು ಏರಿ, ಇನ್ನೊಂದು ತಿಂಗಳು ಇಳಿಯುತ್ತಿತ್ತು. ನಂಬರ್ ಮೂವತ್ತೊಂದರದು ಮಾತ್ರ ಎರಡು ವರ್ಷದಿಂದ ಗೆರೆ ಎಳೆದಂತೆ ನೆಟ್ಟಗಿತ್ತು.

"ಆ ಮನೆಯವರು ಅದು ಹೇಗೆ ಸಂಭಾಳಿಸ್ತಾರೆ ಅಂತ ನೋಡ್ಕೊಂಡು ಬನ್ನಿ. ಅದನ್ನೇ ಉಳಿದವರಿಗೆ ಕಲಿಸೋಣ," ಎಂದಿದ್ದರು ಡಾಕ್ಟರಮ್ಮ. "ಈ ಸಲ ಲೇಖನದಲ್ಲಿ ನಿಮ್ಮ ಹೆಸರೂ ಹಾಕಿಸ್ತೀನಿ."

ಈ ಒಂದು ಮಾತಿಗೆ ತಕ್ಕಡಿ ಆಕಾಶದಲ್ಲಿ ತೇಲುತ್ತಾ ಬೆಳಿಗ್ಗೆ ಏಳಕ್ಕೇ ಆ ಮನೆಯ ಬಾಗಿಲು ತಟ್ಟಿದ. ಕಡತದಲ್ಲಿ ಹುಡುಗಿಯ ಹೆಸರಾಗಲಿ ಫೋಟೋ ಆಗಲಿ ಇರಲಿಲ್ಲ. ಗುಟ್ಟು ಕಾಪಾಡುವುದಕ್ಕಾಗಿ ಬರೀ ನಂಬರು, ವಯಸ್ಸು, ವಿಳಾಸ. ಬಾಗಿಲು ತೆಗೆದದ್ದು ಅಜ್ಜಿ. ಮಗ ಸೊಸೆ ಕೆಲಸಕ್ಕೆ ಹೊರಟುಹೋಗಿದ್ದರು. ಶಾಲೆಗೆ ರಜೆ. ಅಡುಗೆಮನೆಯ ಮೇಜಿನ ಮುಂದೆ ಎರಡು ಜಡೆಯ ಹುಡುಗಿಯೊಬ್ಬಳು ಕಾಲಾಡಿಸುತ್ತಾ ಕೂತಿದ್ದಳು.

"ಈ ಮನೇಲಿ ಊಟ ಮಾಡೋ ಮಗು ಇವಳೇ ಅಲ್ವಾ ಅಜ್ಜಿ?"

"ಇವಳೇ. ಬೆಳಿಗ್ಗೆ ಮಧ್ಯಾಹ್ನ ಸಂಜೆ ಮೂರು ಹೊತ್ತೂ ಇಲ್ಲೇ."

"ನಾನು ಆಸ್ಪತ್ರೆಯಿಂದ ಬಂದಿರೋದು. ನಾನಿದೀನಿ ಅಂತ ನೀವೇನೂ ಬದಲಾಯಿಸಬೇಡಿ. ದಿನಾ ಹೇಗೆ ನಡೆಯತ್ತೋ ಹಾಗೇ ನಡೀಲಿ."

"ಸೊಸೆನೂ ಅದನ್ನೇ ಹೇಳಿ ಹೋದ್ಲು," ಎಂದು ಅಜ್ಜಿ ಒಲೆಯ ಕಡೆ ತಿರುಗಿದರು.

ತಕ್ಕಡಿ ಯಂತ್ರ ಜೋಡಿಸಿ, ಪೆನ್ಸಿಲ್ ಚೂಪು ಮಾಡಿ ಕೂತ. ಅಜ್ಜಿ ತಟ್ಟೆ ತಂದಿಟ್ಟರು. ತಟ್ಟೆಯಲ್ಲಿ ಎರಡು ಬೇಯಿಸಿದ ಮೊಟ್ಟೆ. ಪಕ್ಕದಲ್ಲಿ, ನೊರೆಯೇಳುವ ಒಂದು ಲೋಟ ಹಾಲು.

ಹುಡುಗಿ ಒಂದು ಮೊಟ್ಟೆಯನ್ನು ಬಾಯಿಯ ಹತ್ತಿರ ಒಯ್ದಳು. ಬಾಯಿ ಹಾಕಬಾರದು, ತಡೆಯಬಾರದು ಎಂಬ ನಿಯಮವೆಲ್ಲ ಅವನ ತಲೆಯಲ್ಲಿತ್ತು, ಆದರೆ ಕೈ ತಲೆಯ ಮಾತು ಕೇಳಲಿಲ್ಲ. ಮೊಟ್ಟೆಯನ್ನು ಕಿತ್ತುಕೊಂಡ. ಕಿತ್ತುಕೊಂಡದ್ದನ್ನು ಎಲ್ಲಿಡಬೇಕೆಂದು ತಿಳಿಯದೆ ತನ್ನ ಬಾಯಿಗೇ ಹಾಕಿಕೊಂಡ.

ಹುಡುಗಿ ತನ್ನ ಖಾಲಿ ಬೆರಳುಗಳನ್ನು ನೋಡಿಕೊಂಡಳು.

"ಅಷ್ಟು ಹಸಿವಾಗಿದ್ರೆ ಕೇಳಬಾರದೇನಪ್ಪ," ಎಂದರು ಅಜ್ಜಿ ಮರುಕದಿಂದ. ಹುಡುಗಿಗೆ ಇನ್ನೊಂದು, ಅವನಿಗೆರಡು ಎಂದು ಮತ್ತೆ ಮೂರು ಮೊಟ್ಟೆ ಬೇಯಲು ಇಟ್ಟರು. ತಕ್ಕಡಿ ಅಂಗಳಕ್ಕೆ ಓಡಿ ಡಾಕ್ಟರಮ್ಮನಿಗೆ ಫೋನ್ ಮಾಡಿದ.

"ಮೇಡಂ, ಮೊಟ್ಟೆ ತಿಂತಿದಾಳೆ. ಹಾಲೂ ಇದೆ."

"ಮೊಟ್ಟೆನಾ? ಕೂಡಲೇ..." ಎಂದವರು ಅಲ್ಲಿಗೇ ನಿಂತರು. "ಇರಿ. ದಿನಾ ತಿಂತಾಳಾ, ಇವತ್ತೊಂದಿನಾನಾ? ಕೇಳಿ."

ತಕ್ಕಡಿ ಕೇಳಿ ಬಂದ. "ದಿನಾ ಎರಡಂತೆ ಮೇಡಂ. ಎರಡು ವರ್ಷದಿಂದ."

ಆ ಕಡೆ ವರದಿಯ ಹಾಳೆಗಳನ್ನು ಸರಸರ ಮಗುಚುವ ಸದ್ದು. "ಎರಡು ವರ್ಷದಿಂದ ತಿಂದೂ ರಕ್ತ ಅಷ್ಟು ಚೊಕ್ಕವಾಗಿದೆ ಅಂದ್ರೆ, ಇವಳ ಮೈಯೇ ಕಾಯಿಲೇನ ಗೆದ್ದಿದೆ. ಪ್ರಪಂಚದಲ್ಲಿ ಯಾರೂ ಇದನ್ನ ನೋಡಿರಲಿಕ್ಕಿಲ್ಲ. ಒಂದು ತುತ್ತೂ ಬಿಡಬೇಡಿ, ಬರೀರಿ. ನಾನೇ ಸಂಜೆ ಬರ್ತೀನಿ."

ತಕ್ಕಡಿ ಮರಳಿ ಬರುವಷ್ಟರಲ್ಲಿ ಎದುರುಮನೆಯ ಹೊಲಿಗೆಯಮ್ಮ ಕಿಟಕಿಯಲ್ಲಿ ಹಾಜರಾಗಿದ್ದರು. ಮೊಟ್ಟೆಯ ಪ್ರಸಂಗವನ್ನು ಆಕೆ ಮೊದಲಿನಿಂದ ನೋಡಿದ್ದರು. ಬೀದಿಗೆ ಸುದ್ದಿ ಹಬ್ಬಲು ಅಷ್ಟು ಸಾಕಾಯಿತು. ಹನ್ನೊಂದು ಗಂಟೆಯ ಹೊತ್ತಿಗೆ, ಆಸ್ಪತ್ರೆಯವರು ಮಕ್ಕಳ ತೂಕ ನೋಡುತ್ತಾರೆ, ಜೊತೆಗೆ ಊಟವನ್ನೂ ರುಚಿ ನೋಡುತ್ತಾರೆ ಎಂದು ಐದಾರು ತಾಯಂದಿರು ಡಬ್ಬಿ ಸಮೇತ ಸಾಲು ಹಚ್ಚಿದ್ದರು.

"ನಾನು ಊಟ ತೂಗೋನಮ್ಮ, ಮಕ್ಕಳನ್ನಲ್ಲ," ಎಂದು ತಕ್ಕಡಿ ಕೈಮುಗಿದ.

"ನಮ್ಮದೊಂದು ನೋಡಿಬಿಡಿ ಸಾರ್, ಒಂದೇ ನಿಮಿಷ," ಎಂದು ಹೊಲಿಗೆಯಮ್ಮ ತಮ್ಮ ಮೊಮ್ಮಗನನ್ನು ಎತ್ತಿ ಯಂತ್ರದ ಮೇಲೆ ಕೂರಿಸಿಯೇಬಿಟ್ಟರು. ಅದು ಐದು ಕಿಲೋ ತೂಗುವ ಯಂತ್ರ, ಮಗು ಕುಂಬಳಕಾಯಿಯಂತೆ ತುಂಬಿಕೊಂಡಿತ್ತು. ಯಂತ್ರ ಒಮ್ಮೆ ಕೀಚಲು ದನಿ ತೆಗೆದು, ಕಣ್ಣು ಮುಚ್ಚಿ, ಮತ್ತೆ ತೆರೆಯಲಿಲ್ಲ.

ತಕ್ಕಡಿ ಅಳುವುದೊಂದು ಬಾಕಿ. ತೂಕವಿಲ್ಲದ ಮೇಲೆ ಪುಸ್ತಕ ಎಲ್ಲಿಯದು, ಲೇಖನ ಎಲ್ಲಿಯದು? ಅಜ್ಜಿಯೇ ಸಮಾಧಾನ ಮಾಡಿದರು. "ಪಕ್ಕದ ಮನೇಲಿ ಇಂಥದ್ದೇ ಒಂದಿದೆ. ಹೋಗಿ ಈಸ್ಕೊಂಡು ಬಾ ಚಿನ್ನ."

ಹುಡುಗಿ ಹೋಗಿ ಪುಟ್ಟ ಯಂತ್ರವೊಂದನ್ನು ತಂದಳು. ಕನ್ನಡಿಯಂತೆ ಫಳಫಳ ಹೊಳೆಯುತ್ತಿತ್ತು. ಅರ್ಧ ಗ್ರಾಮನ್ನೂ ತೋರಿಸುತ್ತಿತ್ತು. "ನಾಲ್ಕು ಗಂಟೆಗೆ ಒರೆಸಿ ವಾಪಸ್ ಕೊಡಬೇಕಂತೆ," ಎಂದಳು. ಮಾಮೂಲಿ ಮನೆಯಲ್ಲಿ ಅರ್ಧ ಗ್ರಾಮು ಯಾರಿಗೆ ಬೇಕು ಎಂದು ಯೋಚಿಸುವ ಸ್ಥಿತಿಯಲ್ಲಿ ತಕ್ಕಡಿ ಇರಲಿಲ್ಲ.

ಮಧ್ಯಾಹ್ನ ಅನ್ನದ ಜೊತೆ ಒಂದು ಬಟ್ಟಲು ಬೇಯಿಸಿದ ಕಾಳು, ಮೇಲೆ ಮೊಸರು. ಮೂರಕ್ಕೆ ಒಂದು ಹಿಡಿ ಕಡಲೆಕಾಯಿ ಬೀಜ. ಇನ್ನೊಂದು ಲೋಟ ಹಾಲು. ಬರೆದಂತೆಲ್ಲ ತಕ್ಕಡಿಯ ಭಯ ಕರಗಿ, ಆ ಜಾಗದಲ್ಲಿ ಭಕ್ತಿ ತುಂಬಿಕೊಂಡಿತು. ಹುಡುಗಿ ತೇಗಿದರೂ ಗಡಿಯಾರ ನೋಡಿ ಬರೆದುಕೊಂಡ. ಗಂಟೆಗೊಮ್ಮೆ ಡಾಕ್ಟರಮ್ಮ ಫೋನ್ ಮಾಡುತ್ತಿದ್ದರು. ಮೂರನೆಯ ಸಲ, ಹೊರದೇಶದ ಸಭೆಯೊಂದಕ್ಕೆ ಪತ್ರ ಬರೆಸುತ್ತಿದ್ದೇನೆ ಎಂದರು. ನಾಲ್ಕನೆಯ ಸಲ, "ನಿಮ್ಮ ಹೆಸರಿನ ಕಾಗುಣಿತ ಸರಿಯಾಗಿ ಹೇಳಿ," ಎಂದರು. ತಕ್ಕಡಿ ಕಣ್ಣೊರೆಸಿಕೊಂಡು ಒಂದೊಂದೇ ಅಕ್ಷರ ಹೇಳಿದ.

ಐದು ಗಂಟೆಗೆ ಡಾಕ್ಟರಮ್ಮನ ಕಾರು ಬಂತು. ಹಿಂದೆ ಐಸ್ ಪೆಟ್ಟಿಗೆ ಹಿಡಿದ ನರ್ಸಮ್ಮ. ಕಿಟಕಿಯಲ್ಲಿ ಇಡೀ ಬೀದಿ.

"ಎಲ್ಲಿ ನಮ್ಮ ಬಂಗಾರ?" ಎನ್ನುತ್ತಾ ಡಾಕ್ಟರಮ್ಮ ಹುಡುಗಿಯ ಮುಂದೆ ಮೊಣಕಾಲೂರಿದರು. ಹಿಂದಿನ ಭೇಟಿಗಳಲ್ಲಿ ಆ ಮಗುವನ್ನು ನೋಡುತ್ತಿದ್ದದ್ದು ಕಿರಿಯ ಡಾಕ್ಟರುಗಳು. ಡಾಕ್ಟರಮ್ಮ ಕಂಡಿದ್ದದ್ದು ವರದಿಯನ್ನಷ್ಟೇ. "ಒಂದೇ ಒಂದು ಚಿಕ್ಕ ಸೂಜಿ ಪುಟ್ಟಿ, ಇರುವೆ ಕಚ್ಚಿದ ಹಾಗೆ."

ಸೂಜಿ ಕಂಡದ್ದೇ ತಡ, ಹುಡುಗಿ ಮೇಜಿನಡಿಗೆ ನುಸುಳಿ ಅಜ್ಜಿಯ ಸೆರಗು ಹಿಡಿದಳು.

"ಇವಳಿಗ್ಯಾಕಮ್ಮ ಸೂಜಿ?" ಎಂದರು ಅಜ್ಜಿ. "ಇವಳಿಗೇನಾಗಿದೆ? ಗುಂಡುಕಲ್ಲಿನ ಹಾಗಿದಾಳೆ."

"ಅದಕ್ಕೇ ಅಜ್ಜಿ. ನಿಮ್ಮ ಮೊಮ್ಮಗಳು ಒಂದು ಪವಾಡ."

"ನನ್ನ ಮೊಮ್ಮಗಳು ಪಕ್ಕದ ಮನೇಲಿದಾಳೆ. ಇವಳು ಪಕ್ಕದ ಮನೆಯೋಳು."

ತಕ್ಕಡಿಯ ಕೈಯಿಂದ ಪೆನ್ಸಿಲ್ ಜಾರಿತು. ಅಜ್ಜಿ ಬಿಡಿಸಿ ಹೇಳಿದರು. ಮೊಮ್ಮಗಳು ಹಾಲು ಬೇಕು ಎಂದು ಮುಖ ಸಣ್ಣದು ಮಾಡಿದರೆ ಇವರಿಗೆ ಇಲ್ಲ ಎನ್ನಲಾಗುತ್ತಿರಲಿಲ್ಲ, ಕದ್ದು ಕೊಟ್ಟುಬಿಡುತ್ತಿದ್ದರು. ಪಕ್ಕದ ಮನೆಯ ನಿವೃತ್ತ ಹೆಡ್‌ಮಿಸ್ಸು ಮಹಾ ಕಟ್ಟುನಿಟ್ಟು. ಅವರ ಮೊಮ್ಮಗಳಿಗೆ ಅವರ ಎದುರು ಕೂತರೆ ತುತ್ತೇ ಇಳಿಯುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಸೊಸೆಯೇ ಯೋಚನೆ ಮಾಡಿ ಇಬ್ಬರು ಮಕ್ಕಳ ಊಟದ ಮನೆಯನ್ನೂ ಅದಲುಬದಲು ಮಾಡಿದ್ದಳು.

"ಮತ್ತೆ ನನಗೆ ಬೆಳಿಗ್ಗೆನೇ ಯಾಕೆ ಹೇಳಲಿಲ್ಲ ಅಜ್ಜಿ?" ತಕ್ಕಡಿ ಪುಸ್ತಕವನ್ನು ಎದೆಗವಚಿಕೊಂಡು ಕೇಳಿದ.

"ದಿನಾ ಹೇಗೋ ಹಾಗೇ ನಡೀಲಿ ಅಂದೋರು ನೀವೇ ತಾನೇ? ದಿನಾ ನಡೆಯೋದು ಹೀಗೇ."

ಡಾಕ್ಟರಮ್ಮ ಅವನ ಕಡೆ ತಿರುಗಿದರು. ಆಮೇಲೆ ಐಸ್ ಪೆಟ್ಟಿಗೆ ಮುಚ್ಚುವಂತೆ ನರ್ಸಮ್ಮನಿಗೆ ಸನ್ನೆ ಮಾಡಿದರು.

ಅಷ್ಟರಲ್ಲಿ ಬಾಗಿಲಲ್ಲಿ ಹೆಡ್‌ಮಿಸ್ಸು ಕಾಣಿಸಿಕೊಂಡರು, ನೆಟ್ಟನೆಯ ಬೆನ್ನು, ಮೂಗಿನ ತುದಿಯಲ್ಲಿ ಕನ್ನಡಕ. "ನಾಲ್ಕು ಗಂಟೆಗೆ ನನ್ನ ಯಂತ್ರ ಬರಬೇಕಿತ್ತು. ಮಧ್ಯಾಹ್ನದ್ದು ಮೊದಲೇ ತೂಗಿಟ್ಟಿದ್ದೆ, ಸಂಜೆ ಊಟ ತೂಗೋದು ಹೇಗೆ?" ಎಂದರು. ಒಂದು ಕೈಯಲ್ಲಿ ತೆಳ್ಳಗಿನ, ಚುರುಕು ಕಣ್ಣಿನ ಹುಡುಗಿ. ಇನ್ನೊಂದು ಕೈಯಲ್ಲಿ ದಪ್ಪ ನೋಟುಪುಸ್ತಕ.

ಡಾಕ್ಟರಮ್ಮ ಆ ಪುಸ್ತಕ ತೆರೆದವರು ಬೆರಳಿಟ್ಟು ಸಾಲು ಸಾಲಾಗಿ ಓದತೊಡಗಿದರು. ಎರಡು ವರ್ಷದ ಒಂದೊಂದು ತುತ್ತೂ, ಅರ್ಧ ಗ್ರಾಮಿನ ಲೆಕ್ಕದಲ್ಲಿ, ಕೆಂಪು ಗೆರೆ ಎಳೆದು ಬರೆದಿಟ್ಟಿತ್ತು. ಪವಾಡ ಹೋದದ್ದರ ದುಃಖ ಅವರ ಮುಖದಿಂದ ಅರ್ಧ ನಿಮಿಷದಲ್ಲಿ ಮಾಯವಾಯಿತು. "ಉಳಿದ ಮೂವತ್ತು ಮನೆಗೂ ನೀವೇ ಇದನ್ನ ಕಲಿಸಿಕೊಡಬೇಕು ಮಿಸ್. ಲೇಖನದಲ್ಲಿ ನನ್ನ ಹೆಸರಿನ ಪಕ್ಕ ನಿಮ್ಮ ಹೆಸರೇ."

"ನನಗೊಬ್ಬ ಸಹಾಯಕ ಬೇಕಾಗತ್ತೆ," ಎಂದರು ಹೆಡ್‌ಮಿಸ್ಸು.

"ಇವರನ್ನೇ ಇಟ್ಕೊಳ್ಳಿ."

ಹೆಡ್‌ಮಿಸ್ಸು ಕೈ ಚಾಚಿದರು. ತಕ್ಕಡಿ ತನ್ನ ಪುಸ್ತಕ ಒಪ್ಪಿಸಿದ. ಅವರು ಕೆಂಪು ಪೆನ್ನು ತೆಗೆದು ಪುಟ ತಿರುವುತ್ತಾ ಹೋದರು. ಪ್ರತಿ ಪುಟದಲ್ಲೂ ಪೆನ್ನು ತಪ್ಪಿನ ಗುರುತು ಹಾಕುತ್ತಲೇ ಇತ್ತು. "ಅಕ್ಷರ ಕಾಗೆ ಕಾಲಿನ ಹಾಗಿದೆ. ಕೂಡಿಸಿದ್ದು ತಪ್ಪು. ನಾಳೆ ಬೆಳಿಗ್ಗೆ ಆರಕ್ಕೆ ಬರುವಾಗ ಇದನ್ನೆಲ್ಲ ದುಂಡಗೆ ಹತ್ತು ಸಲ ಬರೆದು ತನ್ನಿ."

ತಕ್ಕಡಿ ತಮಾಷೆಯೆಂದುಕೊಂಡು ನಗಲು ನೋಡಿದ. ಬೇರೆ ಯಾರೂ ನಗಲಿಲ್ಲ. ನಂಬರ್ ಮೂವತ್ತೊಂದು ಮೆಲ್ಲಗೆ ಹತ್ತಿರ ಬಂದು ಅವನ ಅಂಗಿಯ ತೋಳು ಜಗ್ಗಿದಳು.

"ಅಂಕಲ್, ಒಂಬತ್ತು ಸಲ ಬರೆದು ತರಬೇಡಿ," ಎಂದು ಕಿವಿಯಲ್ಲಿ ಪಿಸುಗುಟ್ಟಿದಳು. "ಅವರು ಎಣಿಸ್ತಾರೆ."